ಭಾನುವಾರದ ಜಪಾನು, ಸೋಮವಾರದ ಜಪಾನು

ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದವರು ಬರೆದ ಪುಸ್ತಕಗಳಿಗೇ ಒಂದು ಪ್ರತ್ಯೇಕ ಕಪಾಟು ಮಾಡಿಸಬಹುದು. 1987ರಲ್ಲಿ ಜಪಾನ್ ಸರ್ಕಾರ ಜೆಟ್ ಎಂಬ ಯೋಜನೆ ಶುರು ಮಾಡಿ, ಮೊದಲ ವರ್ಷವೇ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕು ದೇಶಗಳಿಂದ 848 ಮಂದಿಯನ್ನು ಕರೆಸಿಕೊಂಡಿತು. ಅವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಜಪಾನಿ ಭಾಷೆ ಗೊತ್ತಿರಲೇಬೇಕೆಂಬ ಷರತ್ತು ಇರಲಿಲ್ಲ. ಊರೂರಿನ ಶಾಲೆಗಳಲ್ಲಿ ಅಲ್ಲಿಯ ಮೇಷ್ಟ್ರ ಪಕ್ಕದಲ್ಲಿ ನಿಂತು ಇಂಗ್ಲಿಷ್ ಮಾತಾಡುವುದೇ ಕೆಲಸ. ಅಂದಿನಿಂದ ಸಾವಿರಾರು ಜನ ಹಾಗೆ ಹೋಗಿ ಬಂದಿದ್ದಾರೆ, ಅವರಲ್ಲಿ ಬರೆಯುವ ಚಪಲ ಇದ್ದವರು ಬರೆದಿದ್ದಾರೆ.

ಇಂಥ ಬರಹಗಳನ್ನು ನಾಲ್ಕಾರು ಓದಿದವರಿಗೆ ಐದನೆಯದರಲ್ಲಿ ಏನಿರುತ್ತೆ ಅಂತ ಮೊದಲೇ ಹೇಳಬಹುದು. ಶುಕ್ರವಾರ ಸಂಜೆ ಶಾಲೆ ಬಿಡುತ್ತದೆ. ಶನಿವಾರ ರೈಲು ಹತ್ತುತ್ತಾರೆ. ಕ್ಯೋಟೋದ ದೇವಾಲಯ, ನಾರಾದ ಜಿಂಕೆ, ಬೆಟ್ಟದ ಬುಡದ ಬಿಸಿನೀರಿನ ಬುಗ್ಗೆ, ಹೂ ಬಿಟ್ಟ ಚೆರ್ರಿ ಮರದ ಕೆಳಗೆ ಚಾಪೆ, ಹಳ್ಳಿಯ ಜಾತ್ರೆಯಲ್ಲಿ ದೇವರ ಪಲ್ಲಕ್ಕಿಗೆ ಹೆಗಲು ಕೊಟ್ಟದ್ದು, ಹಸಿ ಮೀನು ಬಾಯಿಗಿಟ್ಟಾಗ ಆದ ಅನುಭವ. ಭಾನುವಾರ ರಾತ್ರಿ ವಾಪಸ್. ಸೋಮವಾರ ಏನಾಯಿತು ಎಂಬುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ವಾರದಲ್ಲಿ ಐದು ದಿನ ಬದುಕಿದ ಊರು ಪುಸ್ತಕದಲ್ಲಿ ನಾಲ್ಕು ಸಾಲು, ಎರಡು ದಿನ ಸುತ್ತಿದ ಊರು ನಾಲ್ಕು ಅಧ್ಯಾಯ.

ಇದು ಬರೀ ಪ್ರಮಾಣದ ಪ್ರಶ್ನೆಯಲ್ಲ. ಪರಊರಿನಲ್ಲಿ ಬದುಕಿದವನ ಮಾತಿಗೆ ಪ್ರವಾಸಿಯ ಮಾತಿಗಿಂತ ಹೆಚ್ಚು ಬೆಲೆ ಕೊಡುತ್ತೇವಲ್ಲ, ಆ ಬೆಲೆ ಅವನಿಗೆ ಯಾವುದರಿಂದ ಬಂತು? ಭಾನುವಾರದಿಂದಲೋ, ಸೋಮವಾರದಿಂದಲೋ? ಈ ಪ್ರಶ್ನೆ ಇಟ್ಟುಕೊಂಡು ಆ ಕಪಾಟಿನ ಕೆಲವು ಪುಸ್ತಕಗಳನ್ನು ನೋಡೋಣ.

ಮೊದಲು ವಾರಾಂತ್ಯದ ಬಗ್ಗೆ ಒಂದು ಮಾತು. ಅದು ಪ್ರಕೃತಿ ಕೊಟ್ಟದ್ದಲ್ಲ, ಸರ್ಕಾರದ ಸುತ್ತೋಲೆ ಕೊಟ್ಟದ್ದು. ಜಪಾನಿನ ಸರ್ಕಾರಿ ಕಚೇರಿಗಳಿಗೆ ಭಾನುವಾರ ಪೂರ್ತಿ ರಜೆ, ಶನಿವಾರ ಅರ್ಧ ದಿನ ಅಂತ ಆದದ್ದು 1876ರಲ್ಲಿ. ಸರ್ಕಾರಿ ಶಾಲೆಗಳಲ್ಲಿ ಶನಿವಾರದ ಅರ್ಧ ದಿನದ ಪಾಠ ಬಹುಕಾಲ ನಡೆಯಿತು. 1992ರ ಸೆಪ್ಟೆಂಬರಿನಿಂದ ತಿಂಗಳಿಗೊಂದು ಶನಿವಾರ, 1995ರಿಂದ ಎರಡು, 2002ರ ಏಪ್ರಿಲಿನಿಂದ ಎಲ್ಲ ಶನಿವಾರ ರಜೆಯಾದವು. ನಮ್ಮ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ ಸಿಕ್ಕಿದ್ದು 2015ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಶನಿವಾರ ಮಧ್ಯಾಹ್ನದ ಮೇಲೆ ಲೆಕ್ಕ ಮುಗಿಸಿ, ತಿಜೋರಿ ಬೀಗ ಹಾಕಿ ಹೊರಟರೆ ಎಷ್ಟು ದೂರ ಹೋಗಿಬರಬಹುದು ಎಂಬುದು ಪರಊರಿಗೆ ವರ್ಗವಾದವರಿಗೆಲ್ಲ ಬಾಯಿಪಾಠ. ರಜೆ ಎಷ್ಟು ಉದ್ದವೋ ಪ್ರವಾಸ ಅಷ್ಟು ದೂರ, ಬರಹವೂ ಅಷ್ಟೇ. ರಜೆ ಉದ್ದವಾದಷ್ಟೂ ತಾನಿರುವ ಊರು ಬರಹದಿಂದ ಜಾರಿಹೋಗುವ ಅಪಾಯ ಹೆಚ್ಚು.

ಈ ಪರಂಪರೆಯ ದೊಡ್ಡಣ್ಣ ಲಾಫ್ಕಾಡಿಯೊ ಹರ್ನ್. 1850ರಲ್ಲಿ ಗ್ರೀಸಿನ ಒಂದು ದ್ವೀಪದಲ್ಲಿ ಹುಟ್ಟಿದವನು. ತಂದೆ ಐರಿಶ್, ತಾಯಿ ಗ್ರೀಕ್. ಡಬ್ಲಿನ್ನಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿ ಇಪ್ಪತ್ತು ವರ್ಷ ಕಳೆದು, 1890ರ ಏಪ್ರಿಲಿನಲ್ಲಿ ಯೊಕೊಹಾಮಾದಲ್ಲಿ ಇಳಿದ. ಅದೇ ವರ್ಷ ಆಗಸ್ಟಿನಲ್ಲಿ ಪಶ್ಚಿಮ ಕರಾವಳಿಯ ಮತ್ಸುಎ ಎಂಬ ಹಳೆಯ ಊರಿನ ಮಾಧ್ಯಮಿಕ ಶಾಲೆಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋದ. ಸಂಬಳ ತಿಂಗಳಿಗೆ 100 ಯೆನ್, ಆ ಕಾಲಕ್ಕೆ ದೊಡ್ಡ ಮೊತ್ತ. ಅಲ್ಲಿ ಇದ್ದದ್ದು ಸುಮಾರು ಹದಿನೈದು ತಿಂಗಳು ಮಾತ್ರ. ಆ ಹದಿನೈದು ತಿಂಗಳಿಂದ ಬೆಳೆದದ್ದು 1894ರಲ್ಲಿ ಎರಡು ಸಂಪುಟಗಳಾಗಿ ಬಂದ ‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’.

ಹರ್ನನನ್ನು ಹೊಗಳುವವರು ಸಾಮಾನ್ಯವಾಗಿ ಅವನ ತಿರುಗಾಟದ ಅಧ್ಯಾಯಗಳನ್ನು ಎತ್ತಿ ತೋರಿಸುತ್ತಾರೆ. ಇಜುಮೊದ ಮಹಾಮಂದಿರಕ್ಕೆ ಹೋದದ್ದು, ಸಮುದ್ರತೀರದ ಗುಹೆಯಲ್ಲಿ ಸತ್ತ ಮಕ್ಕಳ ಆತ್ಮಗಳಿಗಾಗಿ ಪೇರಿಸಿದ ಕಲ್ಲುಗಳನ್ನು ಕಂಡದ್ದು, ಓಕಿ ದ್ವೀಪಗಳ ಪಯಣ. ಚೆಂದದ ಬರವಣಿಗೆ, ಸಂದೇಹವಿಲ್ಲ. ಆದರೆ ಒಂದು ವಿವರ ಗಮನಿಸಬೇಕು. ಅಲ್ಲಿಯವರೆಗೆ ಪಾಶ್ಚಾತ್ಯರಿಗೆ ತೆರೆಯದ ಇಜುಮೊ ಮಂದಿರದ ಒಳಭಾಗ ಹರ್ನನಿಗೆ ತೆರೆಯಿತು. ಹೇಗೆ? ಶಾಲೆಯ ಸಹೋದ್ಯೋಗಿ ನಿಶಿದಾ ಸೆಂತಾರೊ ಪ್ರಧಾನ ಅರ್ಚಕರಿಗೆ ಬರೆದುಕೊಟ್ಟ ಪರಿಚಯಪತ್ರದಿಂದ. ಸ್ಟಾಫ್ ರೂಮಿನ ಸ್ನೇಹ ಅದು. ರಜೆಯ ಬಾಗಿಲು ತೆರೆಯುವ ಕೀಲಿಕೈ ಕೆಲಸದ ದಿನದ ಜೇಬಿನಲ್ಲಿತ್ತು.

ಆ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಬ್ಬ ಇಂಗ್ಲಿಷ್ ಮೇಷ್ಟ್ರ ದಿನಚರಿಯ ರೂಪದಲ್ಲಿರುವ ಅಧ್ಯಾಯ. ಅದರಲ್ಲಿ ದೇವಸ್ಥಾನವೇ ಮುಖ್ಯವಲ್ಲ, ಹುಡುಗರು ಮುಖ್ಯ. ಅವರು ತಮ್ಮ ಮುರುಕು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳನ್ನು ಹರ್ನ್ ಹಾಗೆಯೇ ಕೊಡುತ್ತಾನೆ. ತಿದ್ದಿ ನಗುವುದಿಲ್ಲ, ಅವರು ಏನು ಯೋಚಿಸುತ್ತಾರೆ ಅಂತ ಅದರಿಂದ ತಿಳಿಯಲು ನೋಡುತ್ತಾನೆ. ಅಧ್ಯಾಯದ ಕೊನೆಯ ಕಡೆಗೆ ಹುಡುಗರು ಸಾಯುತ್ತಾರೆ. ಕಾಯಿಲೆ ಬಿದ್ದ ಒಬ್ಬನಿಗೆ ಒಮ್ಮೆ ಶಾಲೆ ನೋಡಬೇಕು ಅನ್ನಿಸುತ್ತದೆ. ಮನೆಯ ಮುದಿ ಸೇವಕ ರಾತ್ರಿಯಲ್ಲಿ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಯವರೆಗೂ ಕರೆದೊಯ್ಯುತ್ತಾನೆ. ಜಪಾನಿನ ಮನೆತನ, ಸೇವಕನ ನಿಷ್ಠೆ, ಓದಿನ ಮೇಲೆ ಆ ಪೀಳಿಗೆ ಇಟ್ಟ ಆಸೆ ಎಲ್ಲವೂ ಆ ಒಂದು ಬೆನ್ನಿನ ಮೇಲೆ ಕೂತಿವೆ. ಇದು ಯಾವ ಪ್ರವಾಸಿಗೂ ದಕ್ಕುವುದಲ್ಲ. ಆ ಹುಡುಗನ ಹಾಜರಿ ಕೂಗಿದವನಿಗೆ ಮಾತ್ರ ದಕ್ಕುವಂಥದು.

ಹರ್ನನ ದೋಷವನ್ನೂ ಹೇಳಬೇಕು. 1891ರ ನವೆಂಬರಿನಲ್ಲಿ ಅವನು ಕುಮಾಮೊಟೊಗೆ ಹೋದ. ಅದು ಸೈನ್ಯದ ಠಾಣೆಯಿದ್ದ, ಹೊಸ ಕಟ್ಟಡಗಳ ಊರು. ಅವನಿಗೆ ಹಿಡಿಸಲಿಲ್ಲ. ಮತ್ಸುಎಯ ಹಳೆಯ ಚೆಲುವು ಇಲ್ಲವೆಂದು ಕೊರಗಿದ. ಅಂದರೆ ಅವನ ಪ್ರೀತಿ ಜನರ ಮೇಲಿತ್ತೋ, ಹಳೆಯ ಗೋಡೆಗಳ ಮೇಲಿತ್ತೋ ಅಂತ ಅನುಮಾನ ಬರುತ್ತೆ. ಅಲ್ಲಿಯೂ ಅವನನ್ನು ಕಾಪಾಡಿದ್ದು ತರಗತಿಯೇ. 1895ರ ‘ಔಟ್ ಆಫ್ ದ ಈಸ್ಟ್’ ಪುಸ್ತಕದಲ್ಲಿ ಕ್ಯೂಶೂ ವಿದ್ಯಾರ್ಥಿಗಳ ಬಗ್ಗೆ ಬರೆದ ಅಧ್ಯಾಯ, ಇಷ್ಟವಿಲ್ಲದ ಊರಿನಲ್ಲೂ ಒಳ್ಳೆಯ ಬರಹ ಹುಟ್ಟಬಹುದು ಎಂಬುದಕ್ಕೆ ಸಾಕ್ಷಿ. ಅವನಿಗೆ ಜಪಾನಿ ಭಾಷೆ ಕೊನೆಯವರೆಗೂ ಸರಿಯಾಗಿ ಓದಲು ಬರಲಿಲ್ಲ. ಹೆಂಡತಿ ಸೆತ್ಸು ಹೇಳಿದ ಕಥೆಗಳನ್ನು, ಅವರಿಬ್ಬರೇ ಕಟ್ಟಿಕೊಂಡ ಒಂದು ಮನೆಮಾತಿನಲ್ಲಿ ಕೇಳಿ, 1904ರ ‘ಕ್ವೈದಾನ್’ ಬರೆದ. ಆದ್ದರಿಂದ ಭಾಷೆ ಬರಲಿಲ್ಲ ಎಂಬ ನೆಪ ಕೂಡ ಇಲ್ಲಿ ನಡೆಯುವುದಿಲ್ಲ. ಯಾರ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ.

ಹರ್ನ್ ನಡೆದ ದಾರಿಯಲ್ಲೇ ಕೆಲವೇ ವರ್ಷಗಳ ಹಿಂದೆ ಮುಂದೆ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು ನಡೆದ. ಅವನು ಜಪಾನಿನವನೇ, ನತ್ಸುಮೆ ಸೊಸೆಕಿ. ಟೋಕಿಯೊದಲ್ಲಿ ಹುಟ್ಟಿ ಬೆಳೆದವನು 1895ರಲ್ಲಿ ಶಿಕೊಕು ದ್ವೀಪದ ಮತ್ಸುಯಾಮಾ ಊರಿನ ಮಾಧ್ಯಮಿಕ ಶಾಲೆಗೆ ಹೋದ. ಸಂಬಳ 80 ಯೆನ್, ಮುಖ್ಯೋಪಾಧ್ಯಾಯರಿಗಿಂತ ಜಾಸ್ತಿ. ಮರುವರ್ಷ ಕುಮಾಮೊಟೊದಲ್ಲಿ ಹರ್ನ್ ಕಲಿಸಿದ್ದ ಅದೇ ಶಾಲೆಗೆ ಹೋದ. 1903ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ಹರ್ನ್ ಹೊರಬಿದ್ದಾಗ ಆ ಜಾಗಕ್ಕೆ ಬಂದವರಲ್ಲಿ ಸೊಸೆಕಿಯೂ ಒಬ್ಬ. ಒಬ್ಬ ಪರದೇಶಿ, ಇನ್ನೊಬ್ಬ ತನ್ನದೇ ದೇಶದೊಳಗೆ ಪರಊರಿನವನು. ಹೊರನಾಡ ಕನ್ನಡಿಗರಾದ ನಮಗೆ ಈ ಎರಡನೆಯವನು ಹೆಚ್ಚು ಹತ್ತಿರ. ಪಾಸ್‌ಪೋರ್ಟು ಬೇಕಿಲ್ಲ, ನೋಟು ಬದಲಾಯಿಸಬೇಕಿಲ್ಲ, ಆದರೂ ಊಟ ಬೇರೆ, ಮಾತು ಬೇರೆ.

ಸೊಸೆಕಿ 1906ರಲ್ಲಿ ಬರೆದ ‘ಬೊಚ್ಚಾನ್’ ಕಾದಂಬರಿಯ ನಾಯಕ ಟೋಕಿಯೊದಿಂದ ಶಿಕೊಕುವಿನ ಒಂದು ಸಣ್ಣ ಊರಿಗೆ 40 ಯೆನ್ ಸಂಬಳದ ಮೇಲೆ ಹೋಗುವ ಗಣಿತದ ಮೇಷ್ಟ್ರು. ವಸತಿಗೃಹದಲ್ಲಿ ಕತ್ತಲ ಕೋಣೆ ಕೊಟ್ಟರು ಅಂತ 5 ಯೆನ್ ಇನಾಮು ಕೊಡುತ್ತಾನೆ, ತಕ್ಷಣ ದೊಡ್ಡ ಕೋಣೆ ಸಿಗುತ್ತದೆ. ಒಂದು ಸಂಜೆ ತಿರುಗಾಡುತ್ತಾ ಅಂಗಡಿ ಹೊಕ್ಕು ನಾಲ್ಕು ಬಟ್ಟಲು ಟೆಂಪುರ ಶಾವಿಗೆ ತಿನ್ನುತ್ತಾನೆ. ಮಾರನೆಯ ದಿನ ಕ್ಲಾಸಿಗೆ ಹೋದರೆ ಕರಿಹಲಗೆಯ ಮೇಲೆ ಟೆಂಪುರದ ಹೆಸರಿನಲ್ಲೇ ಅವನಿಗೊಂದು ಅಡ್ಡಹೆಸರು! ಇನ್ನೊಂದು ದಿನ ಎರಡು ತಟ್ಟೆ ಅಕ್ಕಿಹಿಟ್ಟಿನ ಉಂಡೆ ತಿಂದರೆ ತಟ್ಟೆಯ ಲೆಕ್ಕ, ಕೊಟ್ಟ 7 ಸೆನ್ ಹಣದ ಲೆಕ್ಕ ಎರಡೂ ಹಲಗೆಯ ಮೇಲೆ. ಬಿಸಿನೀರಿನ ಬುಗ್ಗೆಗೆ ದಿನಾ ಹೋಗುವಾಗ ಕೈಯಲ್ಲಿ ಹಿಡಿದ ಕೆಂಪು ಪಟ್ಟೆಯ ಚೌಕಕ್ಕೂ ಒಂದು ಅಡ್ಡಹೆಸರು. ಯಾರೂ ಇಲ್ಲವೆಂದು ತೊಟ್ಟಿಯಲ್ಲಿ ಈಜಿದರೆ, ಮುಂದಿನ ಸಲ ಅಲ್ಲಿ ಈಜಬಾರದೆಂಬ ಫಲಕ. ಅದೂ ಶಾಲೆಯ ಹಲಗೆಗೆ ಬರುತ್ತದೆ.

ಶಾವಿಗೆ, ಸಿಹಿ, ಬಿಸಿನೀರಿನ ಸ್ನಾನ: ವಾರಾಂತ್ಯದ ಪುಸ್ತಕಗಳ ಸಾಮಗ್ರಿ ಎಲ್ಲ ಇಲ್ಲಿದೆ. ಆದರೆ ಸೊಸೆಕಿ ಕ್ಯಾಮೆರಾವನ್ನು ತಿರುಗಿಸಿ ಹಿಡಿದಿದ್ದಾನೆ. ಇಲ್ಲಿ ಮೇಷ್ಟ್ರು ಊರನ್ನು ನೋಡುವುದಕ್ಕಿಂತ ಹೆಚ್ಚಾಗಿ ಊರು ಮೇಷ್ಟ್ರನ್ನು ನೋಡುತ್ತದೆ. ಅವನ ಸಂಜೆ ಅವನೊಬ್ಬನದಲ್ಲ, ಮಾರನೆಯ ಬೆಳಿಗ್ಗೆ ಊರಿನವರ ಆಸ್ತಿ. ತಾಲ್ಲೂಕು ಮಟ್ಟದ ಶಾಖೆಗಳಿಗೆ ವರ್ಗವಾಗಿ ಹೋದ ಬ್ಯಾಂಕಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಾಠವಾಡದ ಒಂದು ಊರಿನಲ್ಲಿ ಬಸ್‌ ಸ್ಟ್ಯಾಂಡಿನ ಹತ್ತಿರ ನಾನು ಮಿಸಳ್ ತಿಂದ ಮಾರನೆಯ ಬೆಳಿಗ್ಗೆ, ಶಾಖೆಯ ಜವಾನ ಚಹಾ ಇಡುತ್ತಾ, “ಸಾಹೇಬ್, ಖಾರ ಜಾಸ್ತಿ ಆಯ್ತಂತಲ್ಲ?” ಅಂತ ಮರಾಠಿಯಲ್ಲಿ ಕೇಳಿದ್ದ. ಆ ಪ್ರಶ್ನೆಯ ನಂತರವೇ ನಾನು ಆ ಊರಿನಲ್ಲಿ ಇದ್ದೇನೆ ಅನ್ನಿಸಿದ್ದು.

‘ಬೊಚ್ಚಾನ್’ನಲ್ಲಿ ಹಣದ ವಿಷಯ ಬಂದಾಗಲೆಲ್ಲ ನನ್ನ ಕಿವಿ ನಿಮಿರುತ್ತದೆ, ವೃತ್ತಿಯ ಅಭ್ಯಾಸ. ಹೊಸದರಲ್ಲಿ ಒಬ್ಬ ಸಹೋದ್ಯೋಗಿ ಅವನಿಗೆ ಐಸ್ ನೀರು ಕುಡಿಸಿರುತ್ತಾನೆ. ಬೆಲೆ 1 ಸೆನ್ 5 ರಿನ್, ಪುಡಿಗಾಸು. ಇಬ್ಬರಿಗೂ ಮನಸ್ತಾಪವಾದಾಗ ನಾಯಕ ಆ ಕಾಸನ್ನು ಸಹೋದ್ಯೋಗಿಯ ಮೇಜಿನ ಮೇಲೆ ಇಟ್ಟುಬಿಡುತ್ತಾನೆ. ಅವನು ಮುಟ್ಟುವುದಿಲ್ಲ, ಇವನು ತೆಗೆಯುವುದಿಲ್ಲ. ಕಾಸು ದಿನಗಟ್ಟಲೆ ಮೇಜಿನ ಮೇಲೆ ದೂಳು ತಿನ್ನುತ್ತದೆ. ಆದರೆ ಊರಿನಲ್ಲಿ ತನ್ನನ್ನು ಸಾಕಿದ ಮುದಿ ಆಳು ಕಿಯೊ ಕೊಟ್ಟ 3 ಯೆನ್ ಅನ್ನು ಅವನು ವರ್ಷಗಟ್ಟಲೆ ತೀರಿಸಿಲ್ಲ, ತೀರಿಸುವ ಯೋಚನೆಯೂ ಇಲ್ಲ. ಅವಳು ತನ್ನವಳು, ತನ್ನವರ ಸಾಲ ಸಾಲವಲ್ಲ ಎಂಬುದು ಅವನ ವಾದ. ಪರಊರಿನ ಬದುಕಿನ ಒಳಲೆಕ್ಕ ಪೂರ್ತಿ ಇಲ್ಲಿದೆ. ಪರಊರಿನಲ್ಲಿ ಯಾರ ಋಣವೂ ಬೇಡ ಅಂತ ಹೊರಡುತ್ತೇವೆ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸದೆ, ಅಂದೇ ಏನಾದರೂ ತುಂಬಿ ಕೊಟ್ಟು ಚುಕ್ತಾ ಮಾಡುತ್ತೇವೆ. ಯಾವ ದಿನ ಒಂದು ಸಣ್ಣ ಬಾಕಿ ಉಳಿದರೂ ಪರವಾಗಿಲ್ಲ ಅನ್ನಿಸುತ್ತದೋ ಅಂದಿನಿಂದ ಆ ಊರು ಬೇರೆಯಾಗಿ ಕಾಣುತ್ತದೆ. ಕಾದಂಬರಿಯಲ್ಲೂ ಇಬ್ಬರೂ ರಾಜಿಯಾದ ಮೇಲೆ ಆ ಕಾಸು ಮೇಜಿನಿಂದ ಏಳುತ್ತದೆ.

ನಾಯಕ ಮಹಾ ಜಂಬಗಾರ. ಊರಿನವರೆಲ್ಲ ಅವನ ಕಣ್ಣಿಗೆ ಗಮಾರರು, ಶಾಲೆಯ ಮೇಷ್ಟ್ರುಗಳಿಗೆಲ್ಲ ಅವನೇ ಅಡ್ಡಹೆಸರು ಇಟ್ಟಿದ್ದಾನೆ. ಒಂದು ತಿಂಗಳ ಆಸುಪಾಸಿನಲ್ಲೇ ಜಗಳ ಮಾಡಿಕೊಂಡು ಟೋಕಿಯೊಗೆ ಮರಳಿ, ಟ್ರಾಮ್ ಕಂಪನಿಯಲ್ಲಿ 25 ಯೆನ್ ಸಂಬಳದ ಕೆಲಸ ಹಿಡಿಯುತ್ತಾನೆ. ಅವನಿಂದ ಆ ಊರಿನ ಬಗ್ಗೆ ನ್ಯಾಯವಾದ ಮಾತು ನಿರೀಕ್ಷಿಸುವಂತಿಲ್ಲ. ಆದರೆ ಅವನನ್ನು ಸೃಷ್ಟಿಸಿದ ಸೊಸೆಕಿ ಆ ಜಂಬವನ್ನೂ ನಮಗೆ ತೋರಿಸುತ್ತಿದ್ದಾನೆ. ಬೈದವನ ಮುಖವನ್ನೂ ಚಿತ್ರದೊಳಗೆ ಇಟ್ಟಿದ್ದರಿಂದಲೇ ಬೈಗುಳದ ಪುಸ್ತಕವೂ ನ್ಯಾಯದ ಪುಸ್ತಕವಾಯಿತು. ಮೆಚ್ಚುಗೆಯೇ ತುಂಬಿದ ಎಷ್ಟೋ ವಾರಾಂತ್ಯದ ಬರಹಗಳಲ್ಲಿ ಈ ನ್ಯಾಯ ಇರುವುದಿಲ್ಲ.

ಈಚಿನವರಲ್ಲಿ ಇಬ್ಬರನ್ನು ಹೆಸರಿಸಬೇಕು. ಬ್ರೂಸ್ ಫೈಲರ್ ಜೆಟ್ ಯೋಜನೆಯ ಮೊದಲ ವರ್ಷದಲ್ಲಿ ತೊಚಿಗಿ ಪ್ರಾಂತದ ಸಾನೊ ಊರಿಗೆ ಹೋದವನು. 1991ರಲ್ಲಿ ಬಂದ ಅವನ ‘ಲರ್ನಿಂಗ್ ಟು ಬೌ’ ಶಾಲೆಯನ್ನೇ ನಡುವೆ ಇಟ್ಟುಕೊಂಡಿದೆ. ಮಕ್ಕಳು ತಾವೇ ಶಾಲೆ ಗುಡಿಸುವುದು, ಊಟ ಬಡಿಸುವುದು, ನಮಸ್ಕರಿಸುವ ಕ್ರಮ, ಸಮವಸ್ತ್ರದ ಶಿಸ್ತು ಎಲ್ಲ ಬರುತ್ತವೆ. ಅಮೆರಿಕದ ಶಾಲೆಗಳಿಗೆ ಪಾಠ ಹೇಳುವ ಆತುರ ಅಲ್ಲಲ್ಲಿ ಜಾಸ್ತಿಯಾಯಿತು ಅನ್ನಿಸಿದರೂ ಇದು ಸೋಮವಾರದ ಪುಸ್ತಕ. ವಿಲ್ ಫರ್ಗುಸನ್ ಬರೆದ ‘ಹೊಕ್ಕೈಡೊ ಹೈವೇ ಬ್ಲೂಸ್’ 1998ರದು. ಜಪಾನಿನಲ್ಲಿ ಮೇಷ್ಟ್ರಾಗಿದ್ದವನು, ದಕ್ಷಿಣದ ತುದಿಯಿಂದ ಉತ್ತರಕ್ಕೆ ಅರಳುತ್ತಾ ಸಾಗುವ ಚೆರ್ರಿ ಹೂವಿನ ಹಿಂದೆ, ಕೈ ತೋರಿಸಿ ನಿಲ್ಲಿಸಿದ ಕಾರುಗಳಲ್ಲಿ ಹೊರಡುತ್ತಾನೆ. ಹೊರನೋಟಕ್ಕೆ ಇದು ಎಲ್ಲ ವಾರಾಂತ್ಯದ ಪುಸ್ತಕಗಳಿಗೂ ಅಪ್ಪ. ಆದರೆ ಅವನು ಕೂತದ್ದು ಯಾರದೋ ಕಾರಿನ ಮುಂದಿನ ಸೀಟಿನಲ್ಲಿ. ಕಾರಿನವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು, ಅವರ ಉಪಕಾರ ಹೊರಬೇಕು. ಹೂವು ನೆಪ, ಪುಸ್ತಕ ತುಂಬ ಇರುವುದು ಕಾರು ಓಡಿಸಿದವರೇ. ಕುಡಿತದ ಹಾಸ್ಯ ಕೆಲವು ಕಡೆ ಅತಿಯಾದದ್ದು ಬಿಟ್ಟರೆ, ಭಾನುವಾರದಲ್ಲೂ ಸೋಮವಾರ ಇರಬಹುದು ಅಂತ ತೋರಿಸುವ ಪುಸ್ತಕ ಅದು.

ಜಪಾನಿನ ಈ ಮಾತು ಹೊರನಾಡ ಕನ್ನಡಿಗರ ಪುಸ್ತಕದಲ್ಲಿ ಏಕೆ ಅಂತ ನೀವು ಕೇಳಬಹುದು. ಊರಿನಲ್ಲಿರುವ ನಿಮಗೆ ಈ ಕಾಯಿಲೆಯ ಇನ್ನೊಂದು ತುದಿ ಚೆನ್ನಾಗಿ ಗೊತ್ತು. ಬೆಂಗಳೂರಿಗೆ ಕೆಲಸಕ್ಕೆ ಬಂದು ವರ್ಷಗಟ್ಟಲೆ ಇದ್ದವರಲ್ಲಿ ಕೆಲವರು ಕರ್ನಾಟಕ ಗೊತ್ತು ಅನ್ನುವಾಗ ಪಟ್ಟಿ ಕೊಡುತ್ತಾರೆ: ನಂದಿಬೆಟ್ಟ, ಕೊಡಗು, ಚಿಕ್ಕಮಗಳೂರು, ಹಂಪಿ. ಮನೆಗೆಲಸದವಳ ಊರು ಯಾವುದು, ಹಾಲು ತರುವ ಹುಡುಗ ಏನು ಓದುತ್ತಿದ್ದಾನೆ ಅಂದರೆ ಮೌನ. ನಮಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಅದೇ ಸಿಟ್ಟಿನ ಕಣ್ಣಿನಿಂದ ನಾವು ಹೊರನಾಡಿನವರು ಬರೆದದ್ದನ್ನೂ ನೀವು ನೋಡಬೇಕು. ಕರ್ನಾಟಕ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಅಜಂತಾ ಎಲ್ಲೋರಾ ಇದೆ, ಶಿರಡಿ ಇದೆ, ಮಹಾಬಲಿಪುರ ಇದೆ, ಗೋಲ್ಕೊಂಡ ಇದೆ. ಪಕ್ಕದ ಮನೆಯ ಮರಾಠಿ ಅಜ್ಜಿ, ತಮಿಳು ಮೇಷ್ಟ್ರು, ತೆಲುಗು ಗುಮಾಸ್ತ ಎಷ್ಟು ಪುಟಗಳಲ್ಲಿ ಇದ್ದಾರೆ? ಬಂದರೂ ನಗಿಸಲಿಕ್ಕೆ ಬಂದು ಹೋಗುತ್ತಾರೆ.

ನಮ್ಮಲ್ಲಿ ಒಳ್ಳೆಯ ಮಾದರಿ ಇಲ್ಲ ಅಂತ ಅಲ್ಲ. 1980ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಪುಸ್ತಕದ ಹೆಸರನ್ನೇ ನೋಡಿ: ‘ಅಮೆರಿಕಾದಲ್ಲಿ ಗೊರೂರು’. ಗೊರೂರು ಕಂಡ ಅಮೆರಿಕಾ ಅಂತ ಇಟ್ಟಿಲ್ಲ. ನೋಡುವವನೂ ಚಿತ್ರದೊಳಗೆ ನಿಂತಿದ್ದಾನೆ, ಅಮೆರಿಕಾಕ್ಕೂ ಅವರು ಕಾಣಿಸುತ್ತಿದ್ದಾರೆ. ಆ ಒಂದು ವಿಭಕ್ತಿ ಪ್ರತ್ಯಯದಲ್ಲಿ ನಾನು ಇಷ್ಟು ಪುಟ ಹೇಳಿದ್ದೆಲ್ಲ ಇದೆ.

ಹಾಗಂತ ಭಾನುವಾರ ಮನೆಯಲ್ಲೇ ಕೂರಬೇಕು ಅಂತ ನನ್ನ ವಾದವಲ್ಲ. ಒಂದು ವರ್ಷದ ಕರಾರಿನ ಮೇಲೆ ಹೋದ ಇಪ್ಪತ್ತೆರಡರ ಹುಡುಗ ಬೆಟ್ಟ ಹತ್ತದೆ ಇನ್ನೇನು ಮಾಡಿಯಾನು? ಪರಊರಿನಲ್ಲಿ ಐದು ದಿನ ಕೆಲಸ ಮಾಡಿದವನಿಗೆ ಆ ಎರಡು ದಿನ ಉಸಿರು ಬಿಡುವ ಜಾಗ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ವರ್ಗದ ಮೇಲೆ ಇರುವವರಿಗಂತೂ ಖಾಲಿ ಭಾನುವಾರದಷ್ಟು ಉದ್ದದ ದಿನ ಬೇರೆ ಇಲ್ಲ. ಆ ಹೊತ್ತು ಕಳೆಯಲು ಬಸ್ಸು ಹತ್ತಿದವರನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ನನ್ನ ತಕರಾರು ತಿರುಗಾಟದ ಬಗ್ಗೆ ಅಲ್ಲ, ಅದನ್ನು ಊರಿನ ಜ್ಞಾನ ಅಂತ ಬರೆದು ಊರಿಗೆ ಕಳಿಸುವ ಬಗ್ಗೆ. ಪುಣೆ ಹೇಗೆ, ಚೆನ್ನೈ ಹೇಗೆ, ಅಲ್ಲಿಯ ಜನ ಎಂಥವರು ಎಂಬುದನ್ನು ಊರಿನವರು ನಮ್ಮ ಮಾತಿನ ಮೇಲೆ ನಂಬುತ್ತಾರೆ. ಅರ್ಧ ವಾರ ಬಿಟ್ಟು ಬರೆದ ಜಮಾಖರ್ಚು ಅದು. ಕೂಡಿದ್ದು ಸರಿಯಿದ್ದರೂ ಲೆಕ್ಕ ತಪ್ಪು.

ಸೊಸೆಕಿ ಅಷ್ಟು ಗೇಲಿ ಮಾಡಿದ ಮತ್ಸುಯಾಮಾ ಅವನ ಮೇಲೆ ಮುನಿಸಿಕೊಳ್ಳಲಿಲ್ಲ. ಅಲ್ಲಿಯ ದೋಗೊ ಬಿಸಿನೀರಿನ ಬುಗ್ಗೆಯ 1894ರ ಹಳೆಯ ಸ್ನಾನಗೃಹ, 2019ರಲ್ಲಿ ಶುರುವಾದ ದುರಸ್ತಿ ಮುಗಿದು 2024ರ ಜುಲೈನಲ್ಲಿ ಪೂರ್ತಿಯಾಗಿ ತೆರೆಯಿತು. ಊರಿನಲ್ಲಿ ಆ ಮೇಷ್ಟ್ರ ಹೆಸರಿನ ಪುಟ್ಟ ರೈಲು ಓಡುತ್ತದೆ, ಅವನ ಹೆಸರಿನ ಮೂರು ಬಣ್ಣದ ಉಂಡೆ ಮಾರುತ್ತಾರೆ, ಸ್ನಾನದ ತೊಟ್ಟಿಯ ಹತ್ತಿರ ಅವನಿಗೆಂದೇ ಈಜಬಾರದೆಂಬ ಫಲಕವೂ ಇದೆ. ತನ್ನನ್ನು ಬೈದವನನ್ನು ಒಂದು ಊರು ಹೀಗೆ ಮನೆಯವನಂತೆ ಇಟ್ಟುಕೊಳ್ಳುವುದು ಅಪರೂಪ. ತಾನು ಅವನನ್ನು ನೋಡಿದ್ದನ್ನೂ ಅವನು ಬರೆದಿದ್ದಾನೆ ಎಂಬುದು ಅದಕ್ಕೆ ಕಾರಣವಿರಬೇಕು.

ಆದ್ದರಿಂದ ಪರಊರಿನ ಬಗ್ಗೆ ಬರೆದದ್ದನ್ನು, ಈ ಪುಸ್ತಕದ ಲೇಖನಗಳನ್ನೂ ಸೇರಿಸಿ, ಓದುವಾಗ ಬರೆದವರು ಏನೇನು ನೋಡಿದರು ಅಂತ ಎಣಿಸುವ ಮೊದಲು ಇನ್ನೊಂದು ಪ್ರಶ್ನೆ ಹಾಕಿ: ಆ ಊರಿನಲ್ಲಿ ಇವರನ್ನು ಬಲ್ಲವರು ಯಾರು? ಅಂಥ ಒಬ್ಬರಾದರೂ ಪುಟದ ಮೇಲೆ ಕಂಡರೆ ನಂಬಿ ಓದಿ. ಕಾಣದಿದ್ದರೆ, ಅದು ಒಳ್ಳೆಯ ಪ್ರವಾಸವಾಗಿತ್ತು ಅಂದುಕೊಂಡು ಮುಂದಿನ ಪುಟ ತಿರುಗಿಸಿ.